ಹಕಾರ ನುಂಗುವ ಸೀಮೆಯಲ್ಲಿ ಮೇಷ್ಟ್ರುಗಿರಿ

ನಿವೃತ್ತಿ ಅಂದ ಕೂಡಲೇ ನೀವು ಬೆಳ್ಳಿಕೂದಲು, ಶಾಲು, ಹಣ್ಣಿನ ಬುಟ್ಟಿ, ಎದುರಿಗೆ ಆಕಳಿಸುತ್ತಾ ಕೂತ ನಾಲ್ಕು ಜನ ಸಹೋದ್ಯೋಗಿಗಳನ್ನು ನೆನೆಸಿಕೊಂಡರೆ ಅದು ನಿಮ್ಮ ತಪ್ಪಲ್ಲ. ನನಗಿನ್ನೂ ಮೂವತ್ತಮೂರು. ಶಾಲು ಯಾರೂ ಹೊದಿಸಲಿಲ್ಲ. ಒಂಬತ್ತು ವರ್ಷ ಮಾಡಿದ ಕೆಲಸ ಬಿಟ್ಟು ಪಾಂಡವಪುರದಲ್ಲಿ ಭಾವನ ಮೊಬೈಲ್ ಅಂಗಡಿಯಲ್ಲಿ ಕೂತಿದ್ದೇನೆ. ಕೂತಿದ್ದೇನೆ ಅನ್ನೋದೂ ಸುಳ್ಳು. ಸ್ಟೂಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಸ್ಟೂಲಿಗೆ ದಿನಕ್ಕೆ ನೂರು ಸಲ ಓಡಾಡುತ್ತೇನೆ. "ಒಂದ್ ಗಳ್ಗೆ ಕುಂತ್ಕಳಪ್ಪ, ನಿನ್ ನೋಡಿ ಗಿರಾಕಿಗೆ ತಲೆ ತಿರುಗ್ತದೆ" ಅಂತ ಭಾವ ಕೈ ಮುಗಿಯುತ್ತಾರೆ.

ಹೋದ ವಾರ ಇಬ್ಬರು ಹುಡುಕಿಕೊಂಡು ಬಂದಿದ್ದರು. ನಾನು ಬಿಟ್ಟ ಕೆಲಸಕ್ಕೇ ಹೊಸದಾಗಿ ಸೇರಿದವರು. ಹೊರರಾಜ್ಯದಿಂದ ನಮ್ಮ ಕಡೆ ಕೆಲಸಕ್ಕೆ ಬಂದವರಿಗೆ ಕನ್ನಡ ಕಲಿಸುವ ಕೆಲಸ. "ಸಾರ್, ಫೀಲ್ಡು ಹೆಂಗಿರುತ್ತೆ ಸಾರ್?" ಅಂತ ಕೇಳಿದರು. ನಾನು ಹುಟ್ಟಾ ಮಿಮಿಕ್ರಿಯವನು. ಅರ್ಧ ಗಂಟೆ ಎಲ್ಲರ ದನಿ ಮಾಡಿ ತೋರಿಸಿದೆ, ಬ್ಯಾಂಕಿನವರದು, ಡೈರಿಯವರದು, ನಮ್ಮ ಯಜಮಾನರದು. ಹೊಟ್ಟೆ ಹಿಡಿದುಕೊಂಡು ನಕ್ಕು ಹೋದರು. ಅವರ ಬೈಕು ತಿರುವು ದಾಟಿದ ಮೇಲೆ ಗೊತ್ತಾಯಿತು, ಹೇಳಲೇಬೇಕಾಗಿದ್ದ ಒಂದನ್ನು ಬಿಟ್ಟು ಬೇರೆಲ್ಲ ಹೇಳಿದ್ದೇನೆ. ಆ ಒಂದು ದನದ ಡಾಕ್ಟರ್ ಪೂನಂ ಅವರದು. ಆರು ತಿಂಗಳಲ್ಲಿ ಕನ್ನಡ ಬರದಿದ್ದರೆ ಅವರ ಕೆಲಸ ಹೋಗುತ್ತಿತ್ತು. ಬರಿಸಬೇಕಾದವನು ನಾನಾಗಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಎದ್ದು ಓಡಾಡಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓರೆ ಇದ್ದರೆ ಕ್ಷಮಿಸಿ.

ನಮ್ಮ ಸಂಸ್ಥೆ ಅಂದರೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಮಹಡಿ ಮನೆ, ಆರು ಪ್ಲಾಸ್ಟಿಕ್ ಕುರ್ಚಿ, ಒಂದು ಕಪ್ಪು ಹಲಗೆ, ಮತ್ತು ನಮ್ಮ ಯಜಮಾನರು ಹನುಮಂತೇಗೌಡರು. ನಿವೃತ್ತ ಪ್ರೌಢಶಾಲಾ ಮೇಷ್ಟ್ರು. ಅವರ ಪ್ರಕಾರ ಕನ್ನಡದ ಪ್ರಾಣ ಇರೋದು ಹಕಾರದಲ್ಲಿ. "ಹಾಲು, ಹಲ್ಲು, ಹೂವು, ಹಾವು" ಅಂತ ಅವರು ಹೇಳಿಸುವಾಗ ಎದುರಿಗಿನ ಪುಸ್ತಕದ ಹಾಳೆ ಹಾರಬೇಕು. ಹಾರಲಿಲ್ಲ ಅಂದರೆ ಇನ್ನೊಂದು ಸಲ. ಪಾಪ, ಅವರ ತಾಯಿ ಒಮ್ಮೆ ಊರಿನಿಂದ ಬಂದವರು ಕೆಳಗೆ ರಸ್ತೆಯಲ್ಲೇ ನಿಂತು "ಅನ್ಮಂತಾ, ಏ ಅನ್ಮಂತಾ, ಬಾಗ್ಲ್ ತೆಗ್ಯಪ್ಪಾ" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ಹಕಾರದ ಸಾಹೇಬರು ಹೆಸರಿನ ಹಕಾರವನ್ನೇ ಕಳೆದುಕೊಂಡು ಮೆಟ್ಟಿಲಿಳಿದು ಹೋದರು. ಅದನ್ನು ನಾನು ಮೂರು ವರ್ಷ ಮಿಮಿಕ್ರಿ ಮಾಡಿದೆ. ಅವರಿಗೆ ಗೊತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನಲ್ಲಿ ಮೂರು ದಿನ ತರಬೇತಿ. ಎರಡನೇ ಭಾಷೆ ಮನುಷ್ಯನಿಗೆ ಹೇಗೆ ಬರುತ್ತೆ ಅನ್ನೋದರ ಸಿದ್ಧಾಂತಗಳು. ಒಂದು ಗುಂಪಿನವರು ಹೇಳೋದು, ಭಾಷೆ ಅಂದರೆ ಅಭ್ಯಾಸ: ಕೇಳಿದ್ದನ್ನು ಹಾಗೇ ಹೇಳಿಸು, ಸರಿಯಾದರೆ ಶಭಾಷ್ ಅನ್ನು, ತಪ್ಪಾದರೆ ತಿದ್ದು. ನಾನು ಇದಕ್ಕೆ ಗಿಣಿಶಾಸ್ತ್ರ ಅಂತ ಹೆಸರಿಟ್ಟೆ. ಇನ್ನೊಂದು ಗುಂಪು ಬೇಡ ಬೇಡ ಅನ್ನುತ್ತೆ: ಕಲಿಯುವವನ ಬಾಯಿ ಬಿಡಿಸಲು ಹೋಗಬೇಡ, ಅವನಿಗೆ ಅರ್ಥವಾಗುವಂಥ ಮಾತನ್ನು, ಗೊತ್ತಿರುವುದಕ್ಕಿಂತ ಒಂದೇ ಮೆಟ್ಟಿಲು ಮೇಲಿನದನ್ನು, ಕಿವಿಗೆ ಹಾಕುತ್ತಾ ಇರು, ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ತಾನಾಗಿ ಮಾತಾಡುತ್ತಾನೆ. ಮೂರನೆಯವರು ಇನ್ನೂ ಉದಾರಿಗಳು. ತಪ್ಪು ಅಂದರೆ ತಪ್ಪಲ್ಲ, ಅದು ಕಲಿಯುವವನು ತನ್ನ ಭಾಷೆಗೂ ನಮ್ಮದಕ್ಕೂ ನಡುವೆ ಕಟ್ಟಿಕೊಂಡ ತಾತ್ಕಾಲಿಕ ಶೆಡ್ಡು, ಅದಕ್ಕೂ ಒಂದು ಕಟ್ಟಡದ ನಿಯಮ ಇರುತ್ತೆ ಅನ್ನುತ್ತಾರೆ. ಭಯ ಇರುವ ಕಡೆ ಭಾಷೆ ಒಳಗಿಳಿಯಲ್ಲ ಅನ್ನುವವರೂ ಇದ್ದಾರೆ. ನಾನು ಎಲ್ಲವನ್ನೂ ನೀಟಾಗಿ ಬರೆದುಕೊಂಡು, ಗಿಣಿಶಾಸ್ತ್ರವನ್ನೇ ಆರಿಸಿಕೊಂಡೆ. ನಾನೇ ಒಂದು ಗಿಣಿ. ಇನ್ನೇನು ಮಾಡಲಿ?

ಗಿಣಿಶಾಸ್ತ್ರ ಮೊದಲು ಕೈಕೊಟ್ಟಿದ್ದು ಕೆ.ಆರ್. ಪೇಟೆಯಲ್ಲಿ, ಒಂದು ಬ್ಯಾಂಕಿನ ಬಿಹಾರದ ಅಧಿಕಾರಿಯ ಕೈಯಲ್ಲಿ. ನಾನು "ದಯವಿಟ್ಟು ಕುಳಿತುಕೊಳ್ಳಿ" ಅಂತ ಐವತ್ತು ಸಲ ಹೇಳಿಸಿದೆ. ಪಾಪ, ಹೇಳಿದರು. ಆದರೆ ಇಡೀ ದಿನ ಅವರ ಕಿವಿಗೆ ಬೀಳುತ್ತಿದ್ದದ್ದು ಅಟೆಂಡರ್ ಮಾತು. ಒಂದು ದಿನ ಮೇಲಧಿಕಾರಿ ತಪಾಸಣೆಗೆ ಬಂದರು, ಮಂಡ್ಯದವರೇ. ನಮ್ಮ ಶಿಷ್ಯರು ಎದ್ದು ನಿಂತು, ಭಕ್ತಿಯಿಂದ ಕೈ ಮುಗಿದು, "ಬಾರ್ಲಾ, ಕುಂತ್ಕಳ್ಲಾ" ಅಂದರು. ಅಟೆಂಡರ್ ತನ್ನ ಗೆಳೆಯರಿಗೆ ಎಷ್ಟು ಪ್ರೀತಿಯಿಂದ ಹೇಳುತ್ತಿದ್ದನೋ ಅಷ್ಟೇ ಪ್ರೀತಿಯಿಂದ. ಮೇಲಧಿಕಾರಿ ಕೂತರು. ನನಗೆ ಆ ಬ್ಯಾಂಕಿನ ಬಾಗಿಲು ಮುಚ್ಚಿತು.

ಅದರಿಂದ ನಾನು ಕಲಿತಿದ್ದು ಏನೂ ಇಲ್ಲ. ಅದಾಗಿ ಎರಡು ವರ್ಷಕ್ಕೆ ಪೂನಂ ಸಿಕ್ಕಿದರು.

ಕೆ.ಆರ್. ಪೇಟೆ ಕಡೆ ಒಂದು ಖಾಸಗಿ ಡೈರಿ. ಹೆಸರು ಬೇಡ. ಹಾಲು ಹಾಕುವ ರೈತರ ದನಗಳಿಗೆ ಅವರದೇ ಡಾಕ್ಟರು. ಯಾರೂ ಸಿಗದೆ ಮಧ್ಯಪ್ರದೇಶದಿಂದ ಈ ಹೆಣ್ಣುಮಗಳನ್ನು ಕರೆಸಿದ್ದರು. ಇಪ್ಪತ್ತಾರು ವಯಸ್ಸು, ಗಿಡ್ಡ ಆಳು, ಕಾಲಿಗೆ ಗಂಬೂಟು. ಮ್ಯಾನೇಜರ್ ಲೋಕೇಶ್ ಮೊದಲ ದಿನವೇ ನನ್ನ ಮುಂದೆ ಷರತ್ತು ಹೇಳಿದರು: ಆರು ತಿಂಗಳು ಪ್ರೊಬೇಷನ್. ಅಷ್ಟರಲ್ಲಿ ರೈತರ ಫೋನನ್ನು ಇವರೇ ಎತ್ತಿ, ಇವರೇ ಅರ್ಥ ಮಾಡಿಕೊಂಡು, ಯಾರ ಸಹಾಯವೂ ಇಲ್ಲದೆ ಹೋಗಿ ಬರಬೇಕು. ಇಲ್ಲವಾದರೆ ವಾಪಸ್ ಟಿಕೆಟ್ಟು.

"ವಾಪಸ್ ಹೋದರೇನಂತೆ, ಅಲ್ಲೂ ದನ ಇರ್ತವಲ್ಲ" ಅಂದೆ ನಾನು, ಹಿಂದಿಯಲ್ಲಿ.

ಪೂನಂ ನನ್ನನ್ನು ಅಳತೆ ಮಾಡುವವರ ಹಾಗೆ ನೋಡಿದರು. ಅವರ ಊರಲ್ಲಿ ಹೆಂಗಸು ದನದ ಕೊಟ್ಟಿಗೆಗೆ ಬಂದರೆ ಜನ ನಕ್ಕು, ಗಂಡು ಡಾಕ್ಟರನ್ನು ಕಳಿಸಿ ಅನ್ನುತ್ತಾರಂತೆ. ಎರಡು ವರ್ಷ ಪಟ್ಟಣದಲ್ಲಿ ನಾಯಿಮರಿಗಳ ಉಗುರು ಕತ್ತರಿಸಿದರಂತೆ. "ನಾನು ಓದಿದ್ದು ಹಸುವಿಗೆ. ಇಲ್ಲಿ ಬಿಟ್ಟರೆ ನನಗೆ ಹಸು ಯಾರೂ ಕೊಡೋದಿಲ್ಲ" ಅಂದರು. ಅಷ್ಟೇ. ನಾನು ಪುಸ್ತಕ ತೆಗೆದೆ.

ಅವರ ಜೀಪಿನ ಡ್ರೈವರ್ ನಯಾಜಣ್ಣ, ಶ್ರೀರಂಗಪಟ್ಟಣದವನು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಲಾರಿ ಓಡಿಸಿದ ಕಾಲದ ತಮಿಳು, ತೆಲುಗು, ಮಲಯಾಳ. ಯಾವ ಮೇಷ್ಟ್ರಿಗೂ ಮುಖ ತೋರಿಸಿದವನಲ್ಲ. ನಾನು ಅವನಿಗೆ ಸಿದ್ಧಾಂತಗಳನ್ನೆಲ್ಲ ವಿವರಿಸಿದರೆ, ಬೀಡಿ ಆರಿಸಿ ಹೇಳಿದ: "ಕಿಟ್ಟಿ ಸಾಬ್, ನಂಗೆ ತಮಿಳ್ ಎಂಗ್ ಬಂತು ಗೊತ್ತಾ? ಸೇಲಂನಾಗೆ ಲಾರಿ ಕೆಟ್ಟೋಯ್ತು. ಮೂರ್ ದಿನ ರೋಡ್ ಮೇಲೆ. ಬಾಯ್ ಬುಡ್ದಿದ್ರೆ ಊಟ ಇಲ್ಲ. ಅದ್ಕೆ ಏನ್ ಎಸ್ರು ಇಟ್ಟವ್ರೆ ನಿಮ್ ಬುಕ್ನಾಗೆ?"

ನನ್ನ ಪುಸ್ತಕದಲ್ಲಿ ಅದಕ್ಕೆ ಹೆಸರಿರಲಿಲ್ಲ.

ಮೊದಲ ತಿಂಗಳು ಹನುಮಂತೇಗೌಡರ ಪಾಠವನ್ನೇ ಒಪ್ಪಿಸಿದೆ. ಹಾಲು, ಹಸು, ಹೊಟ್ಟೆ, ಹುಲ್ಲು. ಹಾಳೆ ಹಾರಿತು. ಪೂನಂ ಚೆನ್ನಾಗಿ ಹೇಳುತ್ತಿದ್ದರು, ಹಿಂದಿಯವರಿಗೆ ಹಕಾರ ಕಷ್ಟವೇ ಅಲ್ಲ. ನನಗೆ ಹೆಮ್ಮೆ. ಎರಡನೇ ತಿಂಗಳು ನಯಾಜಣ್ಣನನ್ನು ಜೀಪಿನಲ್ಲೇ ಕೂರಿಸಿ, ಮೊದಲ ಫೋನನ್ನು ಅವರ ಕೈಗೇ ಕೊಟ್ಟೆವು. ಆ ಕಡೆ ಒಬ್ಬ ರೈತ ಕೂಗಿ ಕೂಗಿ ಹೇಳಿದ: "ಡಾಕ್ಟ್ರಮ್ಮಾ, ನಮ್ ಅಸುಗೆ ಆಲು ಕಟ್ಕಂಡದೆ. ಬೇಗ ಬನ್ನಿ."

ಪೂನಂ ಮುಖ ಬಿಳಿಚಿಕೊಂಡಿತು. "ಆಲೂ!" ಅಂದರು. ಹಿಂದಿಯವರ ಕಿವಿಗೆ ಆಲೂ ಅಂದರೆ ಆಲೂಗೆಡ್ಡೆ. ಹಸು ಇಡೀ ಗೆಡ್ಡೆ ನುಂಗಿದರೆ ಗಂಟಲಿಗೆ ಸಿಕ್ಕಿಕೊಂಡು, ಹೊಟ್ಟೆ ಉಬ್ಬರಿಸಿ, ಗಂಟೆಯೊಳಗೆ ಸಾಯಬಹುದು. ಅವರು ಓದಿದ್ದು ಅದನ್ನೇ. ಜೀಪು ಹಾರಿತು. ಹೋದವರೇ ಹಸುವಿನ ಬಾಯಿಗೆ ಕೈ ಹಾಕಿ, ಗಂಟಲು ಸವರಿ, ರಬ್ಬರ್ ನಳಿಕೆ ಕೇಳಿದರು. ರೈತ ಹಿಂದಿನ ತುದಿಯಲ್ಲಿ ಬಾಲ ಎತ್ತಿ ಹಿಡಿದು, "ಅಲ್ಲಲ್ಲ, ಇಲ್ಲಿ ಕಣಮ್ಮ, ಇತ್ಲಾಗ್ ಬನ್ನಿ" ಅನ್ನುತ್ತಿದ್ದಾನೆ. ಇವರು ಮುಂದಿನ ತುದಿಯಲ್ಲಿ "ಎಷ್ಟು ದೊಡ್ಡದು?" ಅಂತ ಕೇಳುತ್ತಿದ್ದಾರೆ. ಹಸು ನಡುವೆ ನಿಂತು ಇಬ್ಬರನ್ನೂ ನೋಡುತ್ತಿದೆ. ಅದಕ್ಕೆ ಆಗಿದ್ದು ಕೆಚ್ಚಲು ಬಾವು. ಹಾಲು ಕಟ್ಟಿಕೊಂಡಿತ್ತು, ಅಷ್ಟೇ. ನಮ್ಮ ಜನ ಹಕಾರವನ್ನು ನುಂಗಿಬಿಡುತ್ತಾರೆ ಅಂತ ನಾನು ಪೂನಂಗೆ ಒಂದು ಮಾತು ಹೇಳಿರಲೇ ಇಲ್ಲ. ಎರಡು ತಿಂಗಳು ಹಾಲಿಗೆ ಹಕಾರ ಹಚ್ಚಿ ಹಚ್ಚಿ ಕೊಟ್ಟಿದ್ದೆ.

ಅದಾಗಿ ನಾಲ್ಕು ದಿನಕ್ಕೆ ಇನ್ನೊಂದು. ಈದ ಹಸುವಿಗೆ, ಕರುವಿನ ಹಿಂದೆಯೇ ಬೀಳಬೇಕಾದ ಮಾಸು ಬಿದ್ದಿರಲಿಲ್ಲ. ನಮ್ಮವರು ಅದನ್ನು ಕಸ ಅನ್ನುತ್ತಾರೆ. "ಕಸ ಬಿದ್ದಿಲ್ಲ ಮೇಡಮ್ಮಾ" ಅಂದಳು ಮನೆಯಾಕೆ. ಪೂನಂ ಅಂಗಳ ನೋಡಿದರು, ಕೊಟ್ಟಿಗೆ ನೋಡಿದರು, "ಹೌದು, ತುಂಬಾ ಸ್ವಚ್ಛ. ಸಂತೋಷ" ಅಂದರು.

ಅವತ್ತು ಸಂಜೆ ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು. "ನಿಮ್ಮ ಕನ್ನಡ ಯಾವ ಹಸುವಿಗೂ ಬರೋದಿಲ್ಲ" ಅಂದರು. ತಪ್ಪಿಲ್ಲದ ವಾಕ್ಯ. ಅದೇ ನನಗೆ ಹೆಚ್ಚು ಚುಚ್ಚಿತು.

ಆಗ ನನಗೆ ಹೊಳೆದದ್ದೇ ನನ್ನ ಜೀವನದ ಮಹಾ ಆವಿಷ್ಕಾರ. ಪುಸ್ತಕ ಬೇಡ, ನಾನೇ ರೈತನಾಗುತ್ತೇನೆ. ದಿನಕ್ಕೆ ನಾಲ್ಕೈದು ಸಲ ಪೂನಂಗೆ ಫೋನ್ ಮಾಡೋದು. ಒಮ್ಮೆ ಪಾಂಡವಪುರದ ಟ್ರಾಕ್ಟರ್ ಗೌಡ, ಒಮ್ಮೆ ಕೆ.ಆರ್.ಎಸ್. ಹೋಟೆಲಿನ ಹಸು ಸಾಕಿದ ಮಾಣಿ, ಒಮ್ಮೆ ಶ್ರೀರಂಗಪಟ್ಟಣದ ಸಾಬರು, ಒಮ್ಮೆ ನಾಗಮಂಗಲ ಕಡೆಯ ಹಲ್ಲಿಲ್ಲದ ಅಜ್ಜಿ. ನನ್ನ ನಂಬರು ಗೊತ್ತಾಗಬಾರದಲ್ಲ, ಅದಕ್ಕೆ ಬಸ್ ಸ್ಟ್ಯಾಂಡಿನಲ್ಲಿ, ಟೀ ಅಂಗಡಿಯಲ್ಲಿ ಯಾರದಾದರೂ ಫೋನ್ ಕಡ ತೆಗೆದುಕೊಂಡು ಮಾಡುತ್ತಿದ್ದೆ. ಒಂದು ಆಟವನ್ನೂ ಹೂಡಿದೆ. ಇದು ಕಿಟ್ಟಿ ಅಂತ ಗೊತ್ತಾದರೆ ಅವರು "ಸಿಕ್ಬಿದ್ದೆ ಕಣ್ಲಾ ಕಿಟ್ಟಿ!" ಅಂತ ಕೂಗಿ ಫೋನ್ ಕಟ್ ಮಾಡಬೇಕು. ಅವರಿಗೆ ಒಂದು ಪಾಯಿಂಟು. ಗೊತ್ತಾಗದೆ ಔಷಧಿ ಹೇಳಿದರೆ ನನಗೊಂದು. ಲೆಕ್ಕ ವಾಟ್ಸಾಪಿನಲ್ಲಿ.

ನೋಡಿ, ಎಲ್ಲ ಸಿದ್ಧಾಂತಗಳೂ ಇದರಲ್ಲಿ ಬಂದವು. ಒಂದು ಮೆಟ್ಟಿಲು ಮೇಲಿನ ಮಾತು ಕಿವಿಗೆ ಬೀಳುತ್ತಿತ್ತು. ನಗು ಇದ್ದ ಕಡೆ ಭಯ ಇರಲಿಲ್ಲ. ಅಲ್ಲಿವರೆಗೆ ಒಂದೆರಡು ಮಾತಿಗಿಂತ ಹೆಚ್ಚು ಬಾಯಿ ಬಿಡದ ಹೆಣ್ಣುಮಗಳು ನನ್ನನ್ನು ಬಯ್ಯುವುದಕ್ಕೋಸ್ಕರ ಬಾಯಿ ಬಿಟ್ಟಳು. "ಯಾವೂರು? ಎಷ್ಟನೇ ಸೂಲು? ಮೇವು ತಿಂತದಾ?" ಅಂತ ಪಟಪಟ ಕೇಳತೊಡಗಿದರು. ಹನುಮಂತೇಗೌಡರು ಒಂದು ದಿನ ಸ್ಪೀಕರಿನಲ್ಲಿ ಕೇಳಿಸಿಕೊಂಡು ಹೇಳಿದರು:

"ಕೃಷ್ಣಪ್ಪನವರೇ, ಇದು ಪಾಠವೋ ಮೋಸವೋ?"

"ಎರಡೂ ಸಾರ್."

"ಒಂದು ದಿನ ಎರಡರಲ್ಲಿ ಒಂದು ಕೈಕೊಡುತ್ತದೆ. ಹುಷಾರು." ಹುಷಾರಿನ ಹಕಾರಕ್ಕೆ ನನ್ನ ಕೂದಲು ಹಾರಿತು. ಹೊರಗೆ ಬಂದು ಅದನ್ನೂ ಮಿಮಿಕ್ರಿ ಮಾಡಿದೆ.

ಐದನೇ ತಿಂಗಳಿಗೆ ಪೂನಂ ನನ್ನನ್ನು ಹತ್ತಕ್ಕೆ ಎಂಟು ಸಲ ಹಿಡಿಯುತ್ತಿದ್ದರು. ನಾನು ಸುಮ್ಮನಿರುತ್ತೇನೆಯೇ? ಇನ್ನೂ ನುಣುಪು ಮಾಡಿದೆ. ಆರನೇ ತಿಂಗಳ ಒಂದು ಸೋಮವಾರ ನಾಗಮಂಗಲದ ಅಜ್ಜಿಯ ದನಿಯಲ್ಲಿ, "ಅವ್ವಾ, ನನ್ ಅಸ ಈಯಾಕ್ ತಿಣುಕ್ತಾ ಅದೆ, ಒಂದೇ ಕಾಲ್ ಕಾಣ್ತದೆ, ಬೇಗ ಬಾರವ್ವಾ" ಅಂತ ಗೋಳಾಡಿದೆ. ಕರು ಅಡ್ಡ ಸಿಕ್ಕಿಕೊಂಡಾಗ ಹೀಗೆ ಒಂದೇ ಕಾಲು ಕಾಣುತ್ತೆ, ಡಾಕ್ಟರು ತಕ್ಷಣ ಹೋಗಲೇಬೇಕು. ಪೂನಂ ಜೀಪು ಹತ್ತಿ, ನಾಗಮಂಗಲದ ದಾರಿಯಲ್ಲಿ ಅರ್ಧ ಹೋದ ಮೇಲೆ ನಾನು ನಕ್ಕು ಹೇಳಿದೆ. ನನಗೆ ಒಂದು ಪಾಯಿಂಟು. ಅವರಿಗೆ ರೇಗಿತು. ನಯಾಜಣ್ಣ ಫೋನ್ ಇಸಿದುಕೊಂಡು, "ಡೀಸೆಲ್ ನಿಮ್ಮಪ್ಪ ಆಕ್ತಾನಾ?" ಅಂದ.

ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು ಪಾಂಡವಪುರ ರೈಲ್ವೆ ಸ್ಟೇಷನ್ ಹತ್ತಿರ ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಫೋನಿಗೆ ಮೆಸೇಜು. ಪೂನಂ. "ಹ ಹ. ಎರಡು ಸಲ ಸಿಕ್ಬಿದ್ದೆ. ಅದೇ ಅಜ್ಜಿ, ಅದೇ ಕಾಲು. ಎರಡು ಪಾಯಿಂಟ್."

ಆ ಬೆಳಿಗ್ಗೆ ನಾನು ಯಾರಿಗೂ ಫೋನ್ ಮಾಡಿರಲಿಲ್ಲ.

ಇಡ್ಲಿ ಕೈಯಲ್ಲೇ ಇತ್ತು. ಫೋನ್ ಮಾಡಿದೆ. ಅವರು ಎತ್ತಿದ ಕೂಡಲೇ "ಸಿಕ್ಬಿದ್ದೆ ಕಣ್ಲಾ" ಅಂದು ಕಟ್ ಮಾಡಿದರು. ಮತ್ತೆ ಮಾಡಿದೆ. ಕಟ್. ನನ್ನ ಸ್ವಂತ ದನಿಯೇ ಅದು, ನನ್ನದೇ ನಂಬರು, ಆದರೂ ಕಟ್. ನಯಾಜಣ್ಣನಿಗೆ ಮಾಡಿ ಕೂಗಿದೆ: "ನಾನಲ್ಲ ಕಣಣ್ಣಾ, ಅದ್ ನಾನಲ್ಲ!"

ಆ ನಂಬರಿಗೇ ತಿರುಗಿ ಮಾಡಿ ಊರು ಕೇಳಿ ಮೇಡಂ ಅಂತ ಅವನು ಆ ಕಡೆ ಉರ್ದುವಿನಲ್ಲಿ ಕೂಗಿದ. ಆಮೇಲೆ ಜೀಪಿನ ಸದ್ದು.

ಅದು ಪುಟ್ಟತಾಯಮ್ಮ. ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯವರು, ಒಂಟಿ ಹೆಂಗಸು, ಎರಡು ಹಸು. ನಯಾಜಣ್ಣನನ್ನು ದಾರಿ ಕೇಳಿಕೊಂಡು ನಾನು ನನ್ನ ಸ್ಕೂಟರಿನಲ್ಲಿ ತಲುಪುವ ಹೊತ್ತಿಗೆ ಪೂನಂ ಭುಜದವರೆಗೂ ಕೈ ಒಳಗೆ ಹಾಕಿ ನೆಲದ ಮೇಲೆ ಪಕ್ಕಕ್ಕೆ ಮಲಗಿದ್ದರು. ಹಗ್ಗ ಹಿಡಿದು ನಯಾಜಣ್ಣ, ಪಕ್ಕದ ಮನೆಯ ಇಬ್ಬರು. ಕರು ಬಂತು. ಹೆಣ್ಣುಗರು, ಹಣೆಯಲ್ಲಿ ಬಿಳಿ. ಪೂನಂ ಅದರ ಮೂಗು ಒರೆಸಿದರು, ಎದೆ ತಿಕ್ಕಿದರು, ಹಿಂಗಾಲು ಹಿಡಿದು ತಲೆಕೆಳಗು ಮಾಡಿ ಅಲ್ಲಾಡಿಸಿದರು. ಎಷ್ಟೋ ಹೊತ್ತು. ಯಾರೂ ಸಾಕು ಅನ್ನಲಿಲ್ಲ. ಕೊನೆಗೆ ಅವರೇ ಇಳಿಸಿದರು. ಹಸು ಉಳಿಯಿತು.

ಪುಟ್ಟತಾಯಮ್ಮ ಅಳಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಪೂನಂ ಮುಂದೆ ನಿಂತರು.

"ಎಲ್ಡ್ ಸಲ ಮಾಡ್ದೆ ಕಣವ್ವಾ. ಎಲ್ಡ್ ಸಲ. ಎತ್ತಿದ್ ತಕ್ಷಣ ಕಿಟ್ಟಿ ಕಿಟ್ಟಿ ಅಂತಿಯಾ. ನಾನ್ ಕಿಟ್ಟಿ ಅಲ್ಲ ಕಣವ್ವಾ, ಪುಟ್ತಾಯಿ ಅಂತ ಬಡ್ಕಂಡೆ. ನಗ್ತಾ ಮಡುಗ್ಬುಟ್ಟೆ. ಯಾವನವ್ವಾ ಆ ಕಿಟ್ಟಿ?"

ಪೂನಂ ತಿರುಗಿ ನೋಡಲಿಲ್ಲ. ನಾನೇ ಮುಂದೆ ಬಂದೆ. ಏನು ಮಾಡುತ್ತಿದ್ದೆ ಅಂತ ಹೇಳಿದೆ. ಅಜ್ಜಿಯರ ದನಿ ಮಾಡಿ ಪಾಠ ಹೇಳುತ್ತಿದ್ದೆ ಅಂತ. ಹೇಳುವಾಗಲೇ ಅದು ಎಂಥ ಮಾತು ಅಂತ ನನಗೆ ಕೇಳಿಸುತ್ತಿತ್ತು.

"ನನ್ನಂಗ್ ಮಾತಾಡಿಯಾ?" ಅಂದರು ಪುಟ್ಟತಾಯಮ್ಮ. "ಎಲ್ಲಿ, ಮಾತಾಡ್ಲಾ."

"ಬೇಡ ಅಜ್ಜಿ."

"ಮಾತಾಡ್ಲಾ ಅಂದೆ. ಯಂಗ್ ಅಂದಿ, ಅಂಗೇ ಅನ್ನು."

ಅಂದೆ. ಅವರ ಮುಂದೆ, ಆ ಕೊಟ್ಟಿಗೆಯಲ್ಲಿ, ಗೋಣಿಚೀಲ ಹೊದಿಸಿದ ಕರುವಿನ ಪಕ್ಕದಲ್ಲಿ ನಿಂತು. "ಅವ್ವಾ, ನನ್ ಅಸ ಈಯಾಕ್ ತಿಣುಕ್ತಾ ಅದೆ." ನೆಲದ ಮೇಲೆ ಮಲಗಿದ್ದ ಹಸು ಕಿವಿ ನಿಗುರಿಸಿ ನನ್ನ ಕಡೆ ತಿರುಗಿ ಕೂಗಿತು. ಅದಕ್ಕೆ ಯಜಮಾನಿ ಕರೆದ ಹಾಗೇ ಕೇಳಿಸಿತು. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವ ದನಿಯನ್ನೂ ನಾನು ಮಾಡಿಲ್ಲ.

"ಸಾಕು ಬುಡು" ಅಂದರು ಪುಟ್ಟತಾಯಮ್ಮ.

ಪೂನಂ ಎದ್ದು ಕೈ ತೊಳೆದುಕೊಂಡರು. ನಯಾಜಣ್ಣ ಉರ್ದುವಿನಲ್ಲಿ, ನಾನು ಹೇಳಲಾ ಮೇಡಂ ಅಂದ. ಅವರು ಬೇಡ ಅಂತ ಕೈ ಅಡ್ಡ ಹಿಡಿದರು. "ಅಜ್ಜಿ, ತಪ್ಪು ನಂದು. ಅವನ್ದು ಅಲ್ಲ. ನಾನು ಯಾವೂರು ಅಂತ ಕೇಳ್ಬೇಕಾಗಿತ್ತು. ಕೇಳ್ನಿಲ್ಲ. ಎರಡು ಸಲವೂ ಕೇಳ್ನಿಲ್ಲ. ನಾಳೆ ಬತ್ತೀನಿ. ನಾಡಿದ್ದೂ ಬತ್ತೀನಿ. ಹಸು ಹುಷಾರಾಗೋ ಗಂಟ ಬತ್ತೀನಿ. ನೀವು ಬಯ್ರಿ."

ನಾನು ಮೇಷ್ಟ್ರು, ಇಂಥ ಹೊತ್ತಲ್ಲೂ ಹಾಳು ಕಿವಿ ಸುಮ್ಮನಿರಲ್ಲ. "ಕೇಳ್ನಿಲ್ಲ" ಅನ್ನೋದನ್ನು ನಾನು ಕಲಿಸಿರಲಿಲ್ಲ. ನನ್ನ ಪುಸ್ತಕದಲ್ಲಿ ಇದ್ದದ್ದು ಕೇಳಲಿಲ್ಲ. ನನ್ನ ನಾಟಕದ ಫೋನುಗಳಲ್ಲೂ ಅದು ಬಂದ ನೆನಪಿಲ್ಲ. ಯಾವ ಕೊಟ್ಟಿಗೆಯಲ್ಲಿ, ಯಾರ ಬಾಯಿಂದ ಅವರೊಳಗೆ ಇಳಿದಿತ್ತೋ. ಮೆಟ್ಟಿಲು ಮೆಟ್ಟಿಲಾಗಿ ನಾನು ಕಟ್ಟಿದ ಏಣಿ ಒಂದು ಕಡೆ ಇತ್ತು, ಈಯಮ್ಮ ಬೇರೆ ಯಾವ ಗೋಡೆಯನ್ನೋ ಹತ್ತಿ ಬಂದಿದ್ದರು.

ಡೈರಿಗೆ ಸುದ್ದಿ ಹೋಗದೆ ಇರುತ್ತದೆಯೇ? ಸಾಯಂಕಾಲಕ್ಕೇ ಲೋಕೇಶ್ ಪೂನಂ ಅವರನ್ನು ಕರೆಸಿ, ಪ್ರೊಬೇಷನ್ ಮುಗಿಯಲು ಇನ್ನು ಹನ್ನೊಂದು ದಿನ ಇದೆ, ಆಮೇಲೆ ಹೊರಡುವ ತಯಾರಿ ಮಾಡಿಕೊಳ್ಳಿ ಅಂದರು. ನಾನು ಒಳಗೆ ನುಗ್ಗಿ ತಪ್ಪೆಲ್ಲ ನನ್ನದು ಅಂದೆ. "ನಿಮ್ದೂ ಹೌದು, ಅವರ್ದೂ ಹೌದು. ನಂಗೆ ಇಬ್ಬರೂ ಬೇಡ" ಅಂದರು. ನ್ಯಾಯವಾಗಿಯೇ ಇತ್ತು. ನಾನು ಮಾರನೇ ದಿನ ಗಂಜಾಂಗೆ ಹೋಗಿ ರಾಜೀನಾಮೆ ಬರೆದುಕೊಟ್ಟೆ. ಹನುಮಂತೇಗೌಡರು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ಹುಷಾರು ಅಂತ ಅವತ್ತೇ ಹೇಳಿದ್ದೆನಲ್ಲ ಅನ್ನಬಹುದಿತ್ತು. "ಊಟ ಮಾಡಿದೆಯಾ?" ಅಂದರು. ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಮುಂದಿನದು ನಯಾಜಣ್ಣ ದಿನಾ ಫೋನಿನಲ್ಲಿ ಹೇಳಿದ್ದು.

ಹಸುವಿಗೆ ಗರ್ಭಕೋಶ ನಂಜಾಗಿ ಜ್ವರ ಬಂತು. ಪೂನಂ ದಿನಕ್ಕೊಂದು ಸಲ, ಕೆಲವು ದಿನ ಎರಡು ಸಲ ಹೋದರು. ಹೋದಾಗಲೆಲ್ಲ ಪುಟ್ಟತಾಯಮ್ಮ ಬಾಗಿಲಲ್ಲೇ ಶುರು ಮಾಡುತ್ತಿದ್ದರಂತೆ: "ಬಂದ್ಯಾ ಕಿಟ್ಟಿ ಗೆಳ್ತಿ? ಇವತ್ತೂ ನಗಾಕ್ ಬಂದ್ಯಾ?" ಪೂನಂ ಸುಮ್ಮನೆ ಸೂಜಿ ತುಂಬಿಕೊಳ್ಳುತ್ತಿದ್ದರಂತೆ. ಅರ್ಥವಾಗದ ಬಯ್ಗುಳ ಬಂದರೆ ಮಾತ್ರ ತಲೆಯೆತ್ತಿ, "ಅಂಗಂದ್ರೇನು?" ಅಂತ ಕೇಳುತ್ತಿದ್ದರಂತೆ. ಮುದುಕಿ ಬಯ್ಯೋದು ನಿಲ್ಲಿಸಿ, ಅರ್ಥ ಹೇಳಿ, ಮತ್ತೆ ಬಿಟ್ಟ ಕಡೆಯಿಂದ ಬಯ್ಯುತ್ತಿದ್ದರಂತೆ. ನಯಾಜಣ್ಣ ಇದನ್ನು ಹೇಳಿ, "ನಿಮ್ ಬುಕ್ನಾಗೆ ಇದ್ಯಾ ಇದು?" ಅಂದ. ಅಂಗಡಿಯಲ್ಲಿ ಎದ್ದು ಬಾಗಿಲಿಗೆ ಹೋಗಿ ಬಂದೆ.

ಆರನೇ ದಿನವೋ ಏಳನೇ ದಿನವೋ ಪೂನಂ ಹೋದಾಗ ಪುಟ್ಟತಾಯಮ್ಮ ಬಿದಿರಿನ ಗೊಟ್ಟದಲ್ಲಿ ಹಸುವಿನ ಗಂಟಲಿಗೆ ಕಷಾಯ ಹೊಯ್ಯುತ್ತಿದ್ದರು. ಹಸುವಿನ ತಲೆಯೆತ್ತಿ ಹಾಗೆ ಸುರಿದರೆ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಅಪಾಯ. ಪೂನಂ ಓಡಿ ಹೋಗಿ ಗೊಟ್ಟ ಕಿತ್ತುಕೊಂಡು ಬಯ್ದರಂತೆ, ನೋಡಿ, ಐದು ನಿಮಿಷ. "ಯಾರ್ ಯೋಳಿದ್ದು ನಿಂಗೆ ಇದ್ ಕುಡ್ಸಾಕೆ? ನಾನ್ ದಿನಾ ಬತ್ತಾ ಇರೋದು ಯಾಕೆ ಮತ್ತೆ? ಕೇಳ್ಬಾರ್ದಾ ಒಂದ್ ಮಾತ? ಇದೂ ಸತ್ರೆ ಯಾರ್ನ ಬಯ್ತೀಯಾ ಆಗ?" ಪುಟ್ಟತಾಯಮ್ಮ ಒಳಗೆ ಹೋಗಿ, ಎರಡು ಲೋಟ ಟೀ ತಂದರಂತೆ.

ಹನ್ನೊಂದನೇ ದಿನ ಲೋಕೇಶ್ ತಾವೇ ಆ ಊರಿಗೆ ಹೋದರು. ದೂರನ್ನು ಬರೆಸಿಕೊಂಡು ಫೈಲು ಮುಗಿಸೋಣ ಅಂತ. ಪುಟ್ಟತಾಯಮ್ಮ ಹಾಲು ಕರೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಅಮ್ಮಾ, ಆ ಡಾಕ್ಟರಿಗೆ ಕನ್ನಡ ಬರಲ್ಲ, ಅದಕ್ಕೇ ನಿಮಗೆ ಹಿಂಗಾಯ್ತು ಅಂತ ಒಂದು ಸೈನ್ ಹಾಕಿ."

"ಬರಾಕಿಲ್ಲ ಅಂತ ಯಾರಂದ್ರು?"

"ನಿಮ್ಮ ಫೋನೇ ಅರ್ಥ ಆಗ್ಲಿಲ್ವಲ್ಲಮ್ಮ."

"ಅರ್ತ ಆಗಿತ್ತು. ನಂಬ್ನಿಲ್ಲ, ಅಷ್ಟೇ. ಅದ್ ಬ್ಯಾರೆ, ಇದ್ ಬ್ಯಾರೆ." ಚೆಂಬು ಪಕ್ಕಕ್ಕಿಟ್ಟು ಎದ್ದು ನಿಂತರಂತೆ. "ನೋಡಪ್ಪಾ, ಆವಮ್ಮಂಗೆ ಬಯ್ಯಾಕ್ಕೂ ಬತ್ತದೆ, ಬಯ್ಸ್ಕಳಾಕ್ಕೂ ಬತ್ತದೆ. ಇನ್ನೇನ್ ಬರ್ಬೇಕಾಗಿತ್ತು ನಿಂಗೆ?"

ಲೋಕೇಶ್ ಕಾಗದ ಮಡಿಸಿಕೊಂಡು ಬಂದರು. ಪೂನಂ ಉಳಿದರು.

ನಾನು ಒಂದು ತಿಂಗಳು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಎಷ್ಟು ಕಷ್ಟ ಅಂತ ಭಾವನನ್ನು ಕೇಳಿ. ಕ್ಷಮೆ ಕೇಳಬೇಕಿತ್ತು. ಮೆಸೇಜು ಬರೆದು ಅಳಿಸಿದೆ, ಬರೆದು ಅಳಿಸಿದೆ. ಒಂದು ದಿನ ಮಧ್ಯಾಹ್ನ ಅಂಗಡಿಯ ಫೋನಿನಿಂದಲೇ ಮಾಡಿದೆ. ಎರಡನೇ ರಿಂಗಿಗೆ ಎತ್ತಿದರು. ಹಿಂದೆ ಯಾವುದೋ ಹಸು ಕೂಗುತ್ತಿತ್ತು.

"ಯೋಳಿ, ಯಾವೂರು?"

"ಮೇಡಂ..." ಅಂದೆ. ಯಾವ ದನಿಯಲ್ಲಿ ಮಾತಾಡಬೇಕು ಅಂತ ಗೊತ್ತಾಗಲಿಲ್ಲ. ನನ್ನದು ಅಂತ ಹೊರಬಂದ ದನಿ ನನಗೇ ಬೇರೆಯವರದು ಅನ್ನಿಸಿತು. "ನಾನು ಮೇಡಂ, ಕಿಟ್ಟಿ."

ಆ ಕಡೆ ಬಕೆಟ್ಟು ಕೆಳಗಿಟ್ಟ ಸದ್ದು.

"ಕಿಟ್ಟಿನೋ ಅಲ್ವೋ ನಂಗೆ ಬ್ಯಾಡ. ಈಗ ನಾಟ್ಕ ಆದ್ರೂ ಓಯ್ತೀನಿ, ನಿಜ ಆದ್ರೂ ಓಯ್ತೀನಿ. ಹಸುಗೆ ಏನಾಗದೆ, ಅದ್ ಯೋಳು."

"ಹಸು ಇಲ್ಲ ಮೇಡಂ. ನಾನು ಸುಮ್ಮನೆ, ಒಂದು ಮಾತು..."

"ಹಸು ಇಲ್ವ? ಅಂಗಾದ್ರೆ ಲೈನ್ ಬುಡು. ಯಾರೋ ಟ್ರೈ ಮಾಡ್ತಿರ್ತಾರೆ."

ಬಿಟ್ಟೆ.